ದಿ ಸರ್ಚರ್ಸ್ (1956): ಕನ್ನಡ ಅಡಿಬರಹ ಹಾಕಿ ಕಾಲೇಜಿನಲ್ಲಿ ತೋರಿಸೋದು ಹೇಗೆ?

ಶರಾವತಿ_ದಂಡೆ (ಸಾಗರ)

ಎಲ್ಲರಿಗೂ ನಮಸ್ಕಾರ. ಕಾಲೇಜಿನ ಚಿತ್ರಕೂಟದಲ್ಲಿ ಜಾನ್ ಫೋರ್ಡ್‌ನ ‘ದಿ ಸರ್ಚರ್ಸ್’ ತೋರಿಸಬೇಕೆಂದಿದೆ. ಅರವತ್ತು ಜನ, ಹೆಚ್ಚಿನವರು ಪದವಿ ವಿದ್ಯಾರ್ಥಿಗಳು. ಕೌಬಾಯ್ ಚಿತ್ರ ಒಂದನ್ನೂ ನೋಡಿದವರಲ್ಲ, ಆ ಇಂಗ್ಲಿಷ್ ಕಿವಿಗೆ ಹತ್ತೋದೂ ಇಲ್ಲ. ಹಾಗಾಗಿ ಕನ್ನಡ ಅಡಿಬರಹ ನಾವೇ ಮಾಡಿಕೊಳ್ಳಬೇಕು.

ಇರುವ ಸಾಮಾನು: 3000 ಲ್ಯೂಮೆನ್ಸ್‌ನ ಲ್ಯಾಂಪ್ ಪ್ರೊಜೆಕ್ಟರ್ (1280×800), 12 ಅಡಿ ಅಗಲದ ಪರದೆ, ಸಭೆಗೆ ಬಳಸುವ ಎರಡು ಸ್ಪೀಕರ್, ಸಣ್ಣ ಮಿಕ್ಸರ್, 150 ಎಎಚ್ ಬ್ಯಾಟರಿಯ ಯುಪಿಎಸ್. ಸಭಾಂಗಣಕ್ಕೆ ಶೀಟಿನ ಮಾಡು. ಜುಲೈ ತಿಂಗಳು ಅಂತ ಲೆಕ್ಕ ಹಾಕಿದ್ದೇವೆ.

ಕರಪತ್ರದಲ್ಲಿ ‘ಅಪಹರಣಕ್ಕೊಳಗಾದ ಹುಡುಗಿಯನ್ನು ಹುಡುಕಿ ತರುವ ಕುಟುಂಬದ ಕಥೆ, ನಾಯಕನ ಪ್ರಾಯಶ್ಚಿತ್ತದ ಕಥೆ’ ಅಂತ ಬರೆದರೆ ಸರಿಯಾ? ಮೂಲನಿವಾಸಿಗಳನ್ನು ತೋರಿಸಿರುವ ರೀತಿಯ ಬಗ್ಗೆ ಮೊದಲೇ ಏನಾದರೂ ಹೇಳಬೇಕಾ? ಅಡಿಬರಹದಲ್ಲಿ ಎಲ್ಲಿ ಎಡವುವ ಸಾಧ್ಯತೆ ಇದೆ? ತಿಳಿದವರು ಹೇಳಿ.

ಕತ್ತಲೆಕೋಣೆ

ಮೊದಲು ತಿಂಗಳು ಬದಲಿಸಿ ಮಾರಾಯ್ರೆ. ಜುಲೈ ಮಳೆಗೆ ಶೀಟಿನ ಮಾಡಿನಡಿ ಪಕ್ಕದವರ ಮಾತೇ ಕೇಳೋದಿಲ್ಲ. ಈ ಚಿತ್ರದ ಮುಖ್ಯ ಕ್ಷಣಗಳಲ್ಲಿ ಯಾರೂ ಮಾತೇ ಆಡೋದಿಲ್ಲ, ಬರೀ ಕುದುರೆ ಹೆಜ್ಜೆ, ಗಾಳಿ, ಮೆಲ್ಲಗೆ ಸಂಗೀತ. ಡಿಸೆಂಬರಿನಲ್ಲಿ ಇಟ್ಟುಕೊಳ್ಳಿ. ಆಗ ಆರೂಕಾಲಿಗೆಲ್ಲ ಹೊತ್ತು ಮುಳುಗಿರುತ್ತೆ, ಆರೂಮುಕ್ಕಾಲಿಗೆ ಶುರು ಮಾಡಬಹುದು. ಚಿತ್ರ 119 ನಿಮಿಷ. ಹಳ್ಳಿ ಕಡೆ ಹೋಗುವ ಕೊನೆಯ ಬಸ್ಸಿನ ಹೊತ್ತು ಮೊದಲೇ ವಿಚಾರಿಸಿ, ಇಲ್ಲದಿದ್ದರೆ ಕೊನೆಯ ಕಾಲು ಗಂಟೆಯಲ್ಲಿ ಅರ್ಧ ಸಭೆ ಎದ್ದುಹೋಗುತ್ತೆ. ಈ ಚಿತ್ರಕ್ಕೆ ಅದಕ್ಕಿಂತ ದೊಡ್ಡ ಹಾನಿ ಇಲ್ಲ.

ಕತ್ತಲೆ ಪೂರ್ತಿ ಬೇಕು. ಚಿತ್ರ ತೆರೆಯುವುದೇ ಕಪ್ಪು ಪರದೆಯಿಂದ. ಆ ಕಪ್ಪಿನ ನಡುವೆ ಬಾಗಿಲು ತೆರೆದು ಹೊರಗಿನ ಕೆಂಪು ಬಯಲು ಕಾಣುತ್ತೆ. ವೆಂಟಿಲೇಟರಿನಿಂದ ಬೀದಿದೀಪ ಒಳಗೆ ಬಿದ್ದರೆ ಕಪ್ಪು ಬೂದಿಯಾಗಿ, ಅದು ಬಾಗಿಲು ಅಂತಲೇ ತಿಳಿಯೋದಿಲ್ಲ. ಅಡಿಕೆ ಒಣಗಿಸುವಾಗ ಹೊದಿಸುವ ಕಪ್ಪು ಟಾರ್ಪಾಲು ಎರಡು ಸಾಕು, ಒಳಗಿನಿಂದ ಕಟ್ಟಿ.

ಚಿತ್ರದ ಅಳತೆ ಬಗ್ಗೆ: ಇದು ವಿಸ್ಟಾವಿಷನ್‌ನಲ್ಲಿ ತೆಗೆದದ್ದು. ಮಾಮೂಲಿ 35 ಎಂಎಂ ಫಿಲಂ ಕ್ಯಾಮೆರಾದಲ್ಲಿ ಮೇಲಿಂದ ಕೆಳಗೆ ಓಡುತ್ತೆ, ಒಂದು ಚೌಕಟ್ಟಿಗೆ ಅಂಚಿನ 4 ತೂತು. ವಿಸ್ಟಾವಿಷನ್‌ನಲ್ಲಿ ಅದೇ ಫಿಲಂ ಅಡ್ಡಡ್ಡ ಓಡುತ್ತೆ, ಚೌಕಟ್ಟಿಗೆ 8 ತೂತು. ನೆಗೆಟಿವ್ ದೊಡ್ಡದಾದ್ದರಿಂದಲೇ ದೂರದ ಬಂಡೆಯ ಅಂಚು ಕೂಡ ಅಷ್ಟು ಚೂಪು. ಆದರೆ ಇದು ಸ್ಕೋಪ್ (ತೀರಾ ಅಗಲದ) ಚಿತ್ರ ಅಲ್ಲ. ಅಗಲ ಎತ್ತರದ 1.85 ಪಟ್ಟು ಅಷ್ಟೇ. 12 ಅಡಿ ಅಗಲಕ್ಕೆ ಸುಮಾರು ಆರೂವರೆ ಅಡಿ ಎತ್ತರ ಬರಬೇಕು. ನಿಮ್ಮ ಪ್ರೊಜೆಕ್ಟರ್ 16:10 ಆದ್ದರಿಂದ ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತೆ, ಬರಲಿ. ‘ಪರದೆ ತುಂಬಲಿಲ್ಲ’ ಅಂತ ಯಾರಾದರೂ ಝೂಮ್ ಒತ್ತಿದರೆ ಬಾಗಿಲಿನ ಎಡಬಲದ ಕಪ್ಪು ಕತ್ತರಿಸಿಹೋಗುತ್ತೆ. ಹಳೆ ಟಿವಿ ಅಳತೆಯ 4:3 ಪ್ರತಿ ಸಿಕ್ಕಿದರೆ ಮುಟ್ಟಲೇಬೇಡಿ.

ಥ್ರೋ ರೇಶಿಯೊ (ಪ್ರೊಜೆಕ್ಟರಿನ ದೂರ ಚಿತ್ರದ ಅಗಲದ ಎಷ್ಟು ಪಟ್ಟು ಅನ್ನೋದು) 1.5 ಇದ್ದರೆ ಪ್ರೊಜೆಕ್ಟರ್ ಪರದೆಯಿಂದ 18 ಅಡಿಗೆ ಕೂರಬೇಕು. ಬಣ್ಣದ ಮೋಡ್ ‘ಡೈನಾಮಿಕ್’ನಲ್ಲಿದ್ದರೆ ‘ಸಿನಿಮಾ’ಕ್ಕೆ ತನ್ನಿ. ಟೆಕ್ನಿಕಲರ್‌ನ ಆ ಇಟ್ಟಿಗೆಗೆಂಪು ಡೈನಾಮಿಕ್‌ನಲ್ಲಿ ಕಿತ್ತಳೆ ಹಣ್ಣಾಗುತ್ತೆ. ಸಿನಿಮಾ ಮೋಡ್‌ಗೆ ಹಾಕಿದರೆ ಬೆಳಕು ಹೆಚ್ಚುಕಡಿಮೆ ಅರ್ಧವಾಗುತ್ತೆ. ಪೂರ್ತಿ ಕತ್ತಲೆಯಲ್ಲಿ 12 ಅಡಿಗೆ ಆ ಅರ್ಧವೇ ಸಾಕು. ಪರದೆಯ ಕೆಳಅಂಚು ನೆಲದಿಂದ 4 ಅಡಿ ಮೇಲಿರಲಿ, ಅಡಿಬರಹ ಇರೋದೇ ಕೆಳಗೆ, ಮುಂದಿನವರ ತಲೆ ಅಡ್ಡ ಬರುತ್ತೆ.

ಧ್ವನಿ ಮೂಲದಲ್ಲೇ ಮೋನೊ, ಎಡಬಲ ಬೇರೆ ಬೇರೆ ಇಲ್ಲ. ಎರಡು ಸ್ಪೀಕರನ್ನು ಗೋಡೆಯ ಎರಡು ಮೂಲೆಗೆ ಇಡೋದರಿಂದ ಲಾಭ ಇಲ್ಲ, ಪರದೆಯ ಬುಡದಲ್ಲಿ ಹತ್ತಿರ ಹತ್ತಿರ ಇಡಿ. ಸಭೆಯ ಸ್ಪೀಕರಿನಲ್ಲಿ ಬಾಸ್ ಜಾಸ್ತಿ ಇರುತ್ತೆ. ಮ್ಯಾಕ್ಸ್ ಸ್ಟೈನರ್‌ನ ಸಂಗೀತ ಆಗ ಮಾತನ್ನು ನುಂಗುತ್ತೆ, ಮಿಕ್ಸರಿನಲ್ಲಿ ಲೋ ಇಳಿಸಿ. ಗುಂಯ್ ಅಂತ ಸದ್ದು ಬಂದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ, ಸದ್ದು ನಿಂತರೆ ಅದು ಅರ್ಥಿಂಗ್ ತೊಂದರೆ. ಲ್ಯಾಪ್‌ಟಾಪ್, ಮಿಕ್ಸರ್, ಪ್ರೊಜೆಕ್ಟರ್ ಮೂರನ್ನೂ ಒಂದೇ ಬೋರ್ಡಿನಿಂದ ಕೊಡಿ.

ಯುಪಿಎಸ್ ಲೆಕ್ಕ: ಪ್ರೊಜೆಕ್ಟರ್ 300 ವ್ಯಾಟ್, ಸ್ಪೀಕರ್ 200, ಲ್ಯಾಪ್‌ಟಾಪ್ 60 ಅಂದುಕೊಂಡರೂ 560 ಆಯ್ತು. ನಷ್ಟ ಸೇರಿ 12 ವೋಲ್ಟ್ ಬ್ಯಾಟರಿಯಿಂದ 58 ಆಂಪಿಯರ್ ಎಳೆಯುತ್ತೆ. ಬ್ಯಾಟರಿ ಮೇಲೆ ಬರೆದ 150 ಎಎಚ್ ನಿಧಾನಕ್ಕೆ 20 ಗಂಟೆ ಖರ್ಚು ಮಾಡಿದಾಗಿನ ಲೆಕ್ಕ. ಇಷ್ಟು ಜೋರಾಗಿ ಎಳೆದರೆ ಒಂದೂವರೆ ಗಂಟೆಯ ಮೇಲೆ ನಂಬಬೇಡಿ. ಮಧ್ಯೆ ಕರೆಂಟು ಹೋದರೆ ತಡೆದುಕೊಳ್ಳೋಕೆ ಸಾಕು, ಪೂರ್ತಿ ಚಿತ್ರಕ್ಕೆ ಸಾಲದು. ಯುಪಿಎಸ್ ಹಿಂದುಗಡೆ ‘ಯುಪಿಎಸ್ / ಇಕೊ’ ಅನ್ನೋ ಸ್ವಿಚ್ಚಿದ್ದರೆ ಯುಪಿಎಸ್ ಕಡೆಗಿರಲಿ. ಇನ್ನೊಂದು ಕಡೆ ಇದ್ದರೆ ಬ್ಯಾಟರಿಗೆ ಬದಲಾಗುವ ಸಂದಿಯಲ್ಲೇ ಪ್ರೊಜೆಕ್ಟರ್ ಆರಿಹೋಗಬಹುದು. ಲ್ಯಾಂಪ್ ಬಿಸಿ ಇರುವಾಗ ಆರಿದರೆ ತಣಿಯುವ ತನಕ ಮತ್ತೆ ಹತ್ತೋದಿಲ್ಲ, ಅಷ್ಟು ನಿಮಿಷ ಶಿಳ್ಳೆ ಕೇಳಬೇಕು.

ಒತ್ತಕ್ಷರ

ಅಡಿಬರಹದ ಮಾತು. ತಾಂತ್ರಿಕ ಎಡವಟ್ಟುಗಳನ್ನು ಬೇಗ ಮುಗಿಸಿಬಿಡುತ್ತೇನೆ, ನಿಜವಾದ ತೊಡಕು ಬೇರೆ ಕಡೆ ಇದೆ.

ಕಡತವನ್ನು ಯೂನಿಕೋಡ್‌ನಲ್ಲಿ ಬರೆದು ಯುಟಿಎಫ್-8 ಆಗಿ ಉಳಿಸಿ. ನುಡಿ, ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ ಅಂಟಿಸಿದರೆ ಪರದೆ ಮೇಲೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ನೋಟೊ ಸಾನ್ಸ್ ಕನ್ನಡ ಫಾಂಟ್ ಸಾಕು. ಪ್ಲೇಯರ್ ಒತ್ತಕ್ಷರ ಸರಿಯಾಗಿ ಕೂರಿಸುತ್ತದೆಯೇ ಎಂದು ‘ರಾಷ್ಟ್ರ, ಸೂರ್ಯ, ಲಕ್ಷ್ಮಿ’ ಎಂದು ಒಂದು ಸಾಲು ಹಾಕಿ ಮೊದಲೇ ನೋಡಿ. ಎರಡು ಸಾಲಿನ ಅಡಿಬರಹದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತದೆ, ಕೆಳಸಾಲಿನ ಒತ್ತು ಪರದೆಯ ಅಂಚಿಗೆ ಕತ್ತರಿಸಿಹೋಗುತ್ತದೆ. ಕೆಳಗಿನ ಅಂಚಿನಿಂದ ಸ್ವಲ್ಪ ಮೇಲೆತ್ತಿ ಕೂರಿಸಿ.

ಇಂಗ್ಲಿಷ್ ಅಡಿಬರಹದ ಸಮಯವನ್ನೇ ಇಟ್ಟುಕೊಂಡು ಅನುವಾದಿಸುತ್ತೀರಾದರೆ ನಿಮ್ಮ ಪ್ರತಿ 119 ನಿಮಿಷದ್ದೋ 114ರದ್ದೋ ನೋಡಿ. ಯುರೋಪಿನ ಟಿವಿಗೆಂದು ಸೆಕೆಂಡಿಗೆ 25 ಚೌಕಟ್ಟಿನಲ್ಲಿ ಓಡಿಸಿದ ಪ್ರತಿ ಐದು ನಿಮಿಷ ಮೊದಲೇ ಮುಗಿಯುತ್ತದೆ. ಶುರುವಿನಲ್ಲಿ ಸರಿಯಿದ್ದು ಹೋಗುತ್ತಾ ಹೋಗುತ್ತಾ ಮಾತೊಂದು ಕಡೆ ಬರಹ ಒಂದು ಕಡೆ ಆಗುವುದು ಇದರಿಂದಲೇ. ಇದಕ್ಕೆ ಮುಂದೆ ಹಿಂದೆ ತಳ್ಳಿದರೆ ಪ್ರಯೋಜನವಿಲ್ಲ. ಸಬ್‌ಟೈಟಲ್ ಎಡಿಟ್‌ನಂಥ ತಂತ್ರಾಂಶದಲ್ಲಿ ಬರಹದ ಫ್ರೇಮ್ ರೇಟನ್ನೇ ಬದಲಿಸಬೇಕು: ಬರಹ 114ರದ್ದು, ಪ್ರತಿ 119ರದ್ದು ಆದರೆ 25ರಿಂದ 23.976ಕ್ಕೆ, ತಿರುವುಮುರುವಾದರೆ 23.976ರಿಂದ 25ಕ್ಕೆ.

‘ಸೆಕೆಂಡಿಗೆ ಇಷ್ಟೇ ಅಕ್ಷರ’ ಎಂದು ಆ ತಂತ್ರಾಂಶ ಕೆಂಪು ಬಣ್ಣ ತೋರಿಸಿದರೆ ಗಾಬರಿ ಬೇಡ. ಅದು ‘ಕ್ಷ್ಮಿ’ಯನ್ನು ಆರು ಎಂದು ಎಣಿಸುತ್ತದೆ. ಸೆಕೆಂಡಿಗೆ ಎರಡು ಪದ ಎಂದು ಇಟ್ಟುಕೊಳ್ಳಿ.

ಈಗ ತೊಡಕಿಗೆ ಬರೋಣ. ನಾಯಕ ಈಥನ್‌ನನ್ನು ಅವನ ಸಹೋದರ ಆರನ್‌ನ ಮಕ್ಕಳು ‘ಅಂಕಲ್’ ಎನ್ನುತ್ತಾರೆ (ಅಪಹರಣಕ್ಕೊಳಗಾಗುವ ಡೆಬ್ಬಿ ಇವರಲ್ಲಿ ಒಬ್ಬಳು). ಕನ್ನಡದಲ್ಲಿ ಏನು ಮಾಡುತ್ತೀರಿ? ಅಂಕಲ್ ಎಂದೇ ಬಿಟ್ಟರೆ ನಮ್ಮಲ್ಲಿ ಅದು ಪಕ್ಕದ ಮನೆಯವರಿಗೂ ಕಂಡಕ್ಟರಿಗೂ ಸಲ್ಲುವ ಮಾತು. ಆ ಮನೆಯ ಸಾಕುಮಗ ಮಾರ್ಟಿನ್ ಹಾಗೆ ಕರೆದಾಗ ‘ನಿನಗೂ ನನಗೂ ಸಂಬಂಧವಿಲ್ಲ, ಹಾಗೆ ಕರೆಯಬೇಡ’ ಎಂದು ಈಥನ್ ಗದರುತ್ತಾನಲ್ಲ, ಆ ಏಟು ಅಂಕಲ್‌ನಲ್ಲಿ ಬೀಳುವುದೇ ಇಲ್ಲ. ದೊಡ್ಡಪ್ಪ ಅಥವಾ ಚಿಕ್ಕಪ್ಪ ಎನ್ನಬೇಕು. ಅಲ್ಲಿದೆ ಗುಟ್ಟು. ಚಿಕ್ಕಪ್ಪ ಎಂದರೆ ಅಣ್ಣ ಆರನ್‌ನ ಹೆಂಡತಿ ಮಾರ್ಥಾ ಈಥನ್‌ಗೆ ಅತ್ತಿಗೆಯಾದಳು. ದೊಡ್ಡಪ್ಪ ಎಂದರೆ ತಮ್ಮನ ಹೆಂಡತಿಯಾದಳು. ಅವರಿಬ್ಬರ ನಡುವೆ ಒಂದು ಹೇಳದ ಪ್ರೀತಿ ಇದೆ, ಚಿತ್ರ ಅದನ್ನು ಬಾಯಿ ಬಿಟ್ಟು ಹೇಳುವುದಿಲ್ಲ. ಅತ್ತಿಗೆ ಎಂದ ಕೂಡಲೇ ನಮ್ಮವರ ಮನಸ್ಸಿಗೆ ತಾಯಿಯ ಸಮಾನ ಎನ್ನುವುದು ಬಂದು ಕೂರುತ್ತದೆ, ಆ ಮೇಲೆ ಆ ನೋಟಗಳನ್ನು ಅವರು ಬೇರೆಯೇ ಓದಿಕೊಳ್ಳುತ್ತಾರೆ. ಪರದೆಯ ಮೇಲೆ ಈಥನ್ ಹಿರಿಯನಂತೆ ಕಾಣುವುದರಿಂದ ನನ್ನ ಮತ ದೊಡ್ಡಪ್ಪನಿಗೆ. ಯಾವುದು ಆರಿಸಿದರೂ ಕೊನೆವರೆಗೂ ಅದೇ ಇರಲಿ.

ನೀನು, ನೀವು ಕೂಡ ಹಾಗೆಯೇ. ಮಾರ್ಟಿನ್ ಈಥನ್‌ಗೆ ನೀವು ಎನ್ನಲಿ. ಈಥನ್ ತನ್ನ ಆಸ್ತಿಯನ್ನು ಮಾರ್ಟಿನ್ ಹೆಸರಿಗೆ ಬರೆದು, ‘ನನಗೆ ರಕ್ತಸಂಬಂಧಿಗಳಿಲ್ಲ’ ಎನ್ನುವ ಉಯಿಲು ಕೊಡುವ ದೃಶ್ಯವಿದೆ. ಡೆಬ್ಬಿ ಬದುಕಿರುವಾಗಲೇ ಹಾಗೆ ಬರೆದದ್ದಕ್ಕೆ ಮಾರ್ಟಿನ್ ಕೆರಳಿ ‘ಸಾಯಿ ನೀನು’ ಎನ್ನುವ ಅರ್ಥದ ಮಾತಾಡುತ್ತಾನೆ. ಅಲ್ಲೊಂದೇ ಕಡೆ ನೀವು ಕಳಚಿ ನೀನು ಬರಲಿ. ಇಂಗ್ಲಿಷಿಗಿಲ್ಲದ ಅನುಕೂಲ ಇದು. ಅದಕ್ಕೆ ಈಥನ್‌ನ ಉತ್ತರ ‘ದಟ್ಲ್ ಬಿ ದ ಡೇ’. ಈ ಮಾತು ಚಿತ್ರದಲ್ಲಿ ಮತ್ತೆ ಮತ್ತೆ ಬರುತ್ತದೆ (ಅಮೆರಿಕದ ಗಾಯಕ ಬಡ್ಡಿ ಹಾಲಿಯ 1957ರ ಹಾಡಿನ ಹೆಸರು ಬಂದದ್ದು ಇಲ್ಲಿಂದಲೇ). ‘ಆ ದಿನ ಬರಲಿದೆ’ ಎಂದು ಬರೆದರೆ ಅರ್ಥವೇ ತಲೆಕೆಳಗು. ‘ಅದನ್ನೂ ನೋಡೋಣ’ ಎಂದು ಎಲ್ಲಾ ಕಡೆ ಒಂದೇ ಥರ ಹಾಕಿ.

ಬೆಳೆದ ಡೆಬ್ಬಿ ಮರಳದಿಬ್ಬ ಇಳಿದು ಬಂದು ಮೊದಲು ಆಡುವ ಕಮಾಂಚಿ (ಅವಳನ್ನು ಒಯ್ದ ಮೂಲನಿವಾಸಿ ಬುಡಕಟ್ಟಿನ) ಮಾತಿಗೆ ಅಡಿಬರಹ ಹಾಕಬೇಡಿ. ಮಾರ್ಟಿನ್‌ಗೆ ಅವಳು ಎಷ್ಟು ದೂರ ಹೋಗಿದ್ದಾಳೋ ನೋಡುವವರಿಗೂ ಅಷ್ಟೇ ದೂರ ಕಾಣಲಿ. ಇನ್ನು ‘ಪೋರ್ಚ್’ಗೆ ಮುಖಮಂಟಪ, ವರಾಂಡ ಅಂತೆಲ್ಲ ಹುಡುಕಬೇಡಿ. ಜಗಲಿ.

ಹಳೇರೀಲು

ಕರಪತ್ರದ ಆ ವಾಕ್ಯ ತೆಗೆದುಹಾಕಿ. ‘ಹುಡುಕಿ ತರುವ’ ಎಂಬುದೇ ತಪ್ಪು ದಾರಿ ಹಿಡಿಸುತ್ತದೆ. ಒಂದು ಹಂತದ ನಂತರ ಈಥನ್ ಹುಡುಕುತ್ತಿರುವುದು ಕರೆತರುವುದಕ್ಕಲ್ಲ, ಕೊಲ್ಲುವುದಕ್ಕೆ. ಕಮಾಂಚಿಗಳ ನಡುವೆ ಬೆಳೆದವಳು ತಮ್ಮವಳಲ್ಲ ಎನ್ನುವುದು ಅವನ ಲೆಕ್ಕ. ಮಾರ್ಟಿನ್ ಜೊತೆ ಬಿಡದೆ ಹೋಗುವುದು ಆ ಕೈಯನ್ನು ತಡೆಯುವುದಕ್ಕೇ. ಇದು ಗೊತ್ತಿಲ್ಲದೆ ನೋಡಿದವರಿಗೆ ನಡುಭಾಗ ಬರೀ ಕುದುರೆ ಸವಾರಿ ಅನ್ನಿಸುತ್ತದೆ, ಕೊನೆಯ ಅಟ್ಟಾಡಿಸುವಿಕೆಯಲ್ಲಿ ಎದೆ ಹೊಡೆದುಕೊಳ್ಳುವುದಿಲ್ಲ. ಹಾಗೆಂದು ಪೀಠಿಕೆಯಲ್ಲಿ ಹೇಳಿಬಿಡಬೇಡಿ, ಚಿತ್ರವೇ ಹೇಳುತ್ತದೆ. ಕರಪತ್ರ ಸುಳ್ಳು ಹೇಳದಿದ್ದರೆ ಸಾಕು.

ಪೀಠಿಕೆ ಐದು ನಿಮಿಷ ಮೀರದಿರಲಿ. ಕಥೆ 1868ರ ಟೆಕ್ಸಾಸ್‌ನದು. ಉತ್ತರ, ದಕ್ಷಿಣಗಳ ಅಂತರ್ಯುದ್ಧ 1865ರಲ್ಲಿ ಮುಗಿದಿದೆ, ಈಥನ್ ಗುಲಾಮಗಿರಿ ಉಳಿಯಬೇಕೆಂದು ಕಾದಿ ಸೋತ ದಕ್ಷಿಣದವನು, ಮೂರು ವರ್ಷ ತಡವಾಗಿ ಮನೆಗೆ ಬರುತ್ತಿದ್ದಾನೆ. ಎಲ್ಲಿದ್ದ, ಆ ಹೊಸ ಚಿನ್ನದ ನಾಣ್ಯ ಎಲ್ಲಿಂದ ಬಂತು, ಚಿತ್ರ ಹೇಳುವುದಿಲ್ಲ. ಮಾರ್ಟಿನ್ ಅನಾಥ, ರಕ್ತದಲ್ಲಿ ಎಂಟನೇ ಒಂದು ಪಾಲು ಚೆರೋಕಿ ಎಂಬ ಮೂಲನಿವಾಸಿ ಬುಡಕಟ್ಟಿನವನು, ಮಗುವಾಗಿದ್ದಾಗ ಅವನನ್ನು ಎತ್ತಿ ತಂದವನು ಈಥನ್‌ನೇ. ಇಷ್ಟು ತಿಳಿದರೆ ಊಟದ ಮೇಜಿನ ದೃಶ್ಯದಲ್ಲಿ ಈಥನ್ ಅವನನ್ನು ನೋಡುವ ನೋಟ ಅರ್ಥವಾಗುತ್ತದೆ.

ಮೂಲನಿವಾಸಿಗಳ ವಿಷಯವನ್ನು ಮೊದಲೇ ಹೇಳಿ, ಮುಚ್ಚಿಡಬೇಡಿ. ಕಮಾಂಚಿ ಮುಖಂಡ ಸ್ಕಾರ್‌ನ ಪಾತ್ರ ಮಾಡಿದ ಹೆನ್ರಿ ಬ್ರಾಂಡನ್ ಜರ್ಮನಿಯಲ್ಲಿ ಹುಟ್ಟಿದವನು. ಸುತ್ತಲಿನ ಕಮಾಂಚಿಗಳಾಗಿ ಕಾಣುವವರು ಮಾನ್ಯುಮೆಂಟ್ ವ್ಯಾಲಿಯ ನವಾಹೊ ಜನ. ಟೆಕ್ಸಾಸ್ ಎಂದು ತೋರಿಸುವ ಜಾಗವೂ ಅದೇ ಕಣಿವೆ, ಅರಿಜೋನಾ ಮತ್ತು ಯೂಟಾ ಗಡಿಯಲ್ಲಿದೆ. ನಿಜವಾದ ಕಮಾಂಚಿ ನಾಡು ಬಹುಪಾಲು ಸಪಾಟು ಹುಲ್ಲುಗಾವಲು. ಆದರೆ ಚಿತ್ರದೊಳಗೇ ಇದಕ್ಕೆ ಎದುರು ಸಾಕ್ಷಿಯೂ ಇದೆ: ಸ್ಕಾರ್‌ನ ಇಬ್ಬರು ಮಕ್ಕಳನ್ನು ಬಿಳಿಯರು ಕೊಂದಿದ್ದಾರೆ, ಅವನದೂ ಈಥನ್‌ನಂಥದೇ ಸೇಡು. ಇಬ್ಬರೂ ಎದುರುಬದುರು ನಿಂತಾಗ ಒಬ್ಬನ ಮಾತನ್ನು ಇನ್ನೊಬ್ಬ ತಿರುಗಿಸಿ ಹೇಳುವುದನ್ನು ಗಮನಿಸಲು ಹೇಳಿ.

ತೊಂದರೆ ಕೊಡುವ ದೃಶ್ಯ ಲುಕ್ ಎಂಬ ಮೂಲನಿವಾಸಿ ಹೆಂಗಸಿನದು. ಮಾರ್ಟಿನ್ ಕಂಬಳಿ ವ್ಯಾಪಾರ ಅಂದುಕೊಂಡು ಗೊತ್ತಿಲ್ಲದೆ ಹೆಂಡತಿಯನ್ನೇ ಕೊಂಡುಬಿಡುತ್ತಾನೆ, ಅವಳನ್ನು ಒದ್ದು ಇಳಿಜಾರಿನಲ್ಲಿ ಉರುಳಿಸುತ್ತಾನೆ. ಸಭೆ ನಗುತ್ತದೆ, ನಗಲಿ ಅಂತಲೇ ತೆಗೆದದ್ದು. ಕೆಲವು ಕಡೆ ಅದನ್ನು ಹಾರಿಸಿ ತೋರಿಸುತ್ತಾರೆ, ಅದು ಸರಿಯಲ್ಲ. ಸ್ವಲ್ಪ ಹೊತ್ತಿಗೆ ಸೈನಿಕರು ಸುಟ್ಟ ಹಳ್ಳಿಯಲ್ಲಿ ಅವಳ ಹೆಣ ಸಿಗುತ್ತದೆ. ಆ ಹಿಮದ ಹಳ್ಳಿಯ ಹಿಂದೆ 1868ರ ನವೆಂಬರಿನಲ್ಲಿ ಅಮೆರಿಕದ ಸೇನಾಧಿಕಾರಿ ಕಸ್ಟರ್‌ನ ದಂಡು ವಾಶಿಟಾ ನದಿದಂಡೆಯಲ್ಲಿ ಮಾಡಿದ ದಾಳಿಯ ನೆರಳಿದೆ. ಮುಂಚಿನ ನಗುವಿದ್ದರೇ ಆ ಹೆಣಕ್ಕೆ ಭಾರ. ಚರ್ಚೆ ಶುರು ಮಾಡಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ: ನೀವು ನಕ್ಕದ್ದು ಯಾವುದಕ್ಕೆ?

ಚರ್ಚೆಗೆ ಮತ್ತೆ ಹಾಕಿ ತೋರಿಸುವುದಾದರೆ ಎರಡು ತುಣುಕು ಸಾಕು. ಒಂದು, ಪಾದ್ರಿಯೂ ಕ್ಯಾಪ್ಟನ್ನೂ ಆದ ಕ್ಲೇಟನ್ ಕಾಫಿ ಕುಡಿಯುತ್ತ ನಿಂತಿರುವುದು. ಹಿಂದೆ ಒಳಕೋಣೆಯಲ್ಲಿ ಮಾರ್ಥಾ ಈಥನ್‌ನ ಕೋಟನ್ನು ಸವರುತ್ತಿದ್ದಾಳೆ. ಕ್ಲೇಟನ್‌ಗೆ ಗೊತ್ತಾಗಿದೆ, ಆದರೆ ನೇರ ಮುಂದೆ ನೋಡುತ್ತಾ ಕಾಫಿಯಲ್ಲೇ ಇರುತ್ತಾನೆ. ಮಾತಿಲ್ಲ. ಎರಡು, ಸೈನ್ಯದ ಕೋಟೆಯಲ್ಲಿ, ಕಮಾಂಚಿಗಳಿಂದ ಬಿಡಿಸಿ ತಂದ ಬಿಳಿ ಹೆಂಗಸರನ್ನು ನೋಡಿ ಈಥನ್ ತಿರುಗಿದಾಗ ಕ್ಯಾಮೆರಾ ಅವನ ಮುಖದ ಹತ್ತಿರಕ್ಕೆ ಸರಿಯುವುದು. ಫೋರ್ಡ್ ಸಾಮಾನ್ಯವಾಗಿ ಕ್ಯಾಮೆರಾ ಅಲ್ಲಾಡಿಸುವವನಲ್ಲ. ಇಲ್ಲಿ ಸರಿಸಿದ್ದು ಆ ಮುಖದಲ್ಲಿರುವ ದ್ವೇಷ ತಪ್ಪಿಸಿಕೊಳ್ಳದಿರಲಿ ಎಂದು.

ಪ್ರಾಯಶ್ಚಿತ್ತ ಎಂಬ ಪದವೂ ಬೇಡ. ಪ್ರಾಯಶ್ಚಿತ್ತಕ್ಕೆ ತಪ್ಪೊಪ್ಪಿಗೆ ಬೇಕು. ಈಥನ್ ಎಲ್ಲೂ ಒಪ್ಪಿಕೊಳ್ಳುವುದಿಲ್ಲ. ಕೊನೆಯಲ್ಲಿ ಸತ್ತ ಸ್ಕಾರ್‌ನ ನೆತ್ತಿ ಸುಲಿದುಕೊಂಡೇ ಹೊರಬರುತ್ತಾನೆ.

ತುಂಗಾ_ಮೂಲ

@ಹಳೇರೀಲು ಸರ್, ಕೊನೆಯ ಮಾತಿಗೆ ಅರ್ಧ ಒಪ್ಪಿಗೆ. ಒಪ್ಪಿಗೆ ಬಾಯಲ್ಲೇ ಬರಬೇಕು ಅಂತಿಲ್ಲವಲ್ಲ. ಶುರುವಿನಲ್ಲಿ ಮನೆಗೆ ಬಂದ ದಿನ ಅವನು ಪುಟ್ಟ ಡೆಬ್ಬಿಯನ್ನು ಎರಡೂ ಕೈಯಲ್ಲಿ ತಲೆಮೇಲೆ ಎತ್ತುತ್ತಾನೆ. ಕೊನೆಯಲ್ಲಿ ಗುಹೆಯ ಬಾಯಲ್ಲಿ ಹಿಡಿದಾಗ ಕೈ ಮಾಡೋದು ಅದೇ ಕೆಲಸ. ತಲೆ ಲೆಕ್ಕ ಹಾಕುವ ಮೊದಲೇ ಕೈಗೆ ನೆನಪಾಯ್ತು ಅಂತ ನನ್ನ ಓದು. ಆ ಮೇಲಿನ ಮಾತು ಮನೆಗೆ ಹೋಗೋಣ ಅಂತ, ಅಷ್ಟೇ. ಒತ್ತಕ್ಷರ ಅವರೇ, ಅಲ್ಲಿ ‘ಮನೆಗೆ ಹೋಗೋಣ, ಡೆಬ್ಬಿ’ ಸಾಕು, ‘ಮಗಳೇ’ ಗಿಗಳೇ ಸೇರಿಸಿದರೆ ಕೆಟ್ಟುಹೋಗುತ್ತೆ.

ಮೊದಲ ಎತ್ತುವಿಕೆ ಯಾರಿಗೂ ನೆನಪಿರೋದಿಲ್ಲ, ಶುರುವಿನ ಗದ್ದಲದಲ್ಲಿ ಕಳೆದುಹೋಗುತ್ತೆ. ಅದಕ್ಕೇ ತಡವಾಗಿ ಬಂದವರನ್ನು ಮೊದಲ ಹತ್ತು ನಿಮಿಷ ಬಾಗಿಲಲ್ಲೇ ನಿಲ್ಲಿಸಿ.

ಆಲನ್ ಲೆಮೇಯ 1954ರ ಕಾದಂಬರಿಯಲ್ಲಿ ಇದು ಯಾವುದೂ ಹೀಗಿಲ್ಲ. ಅಲ್ಲಿ ಅವನ ಹೆಸರು ಆಮಸ್, ಕೊನೆಗೆ ಸಾಯುತ್ತಾನೆ. ಬದುಕಿಸಿ ಹೊಸ್ತಿಲ ಆಚೆ ನಿಲ್ಲಿಸಿದ್ದು ಚಿತ್ರದವರು. ಇತಿಹಾಸ ಕೇಳುವವರಿದ್ದರೆ ಸಿಂಥಿಯಾ ಆನ್ ಪಾರ್ಕರ್ ಹೆಸರು ಹೇಳಿ: 1836ರಲ್ಲಿ ಕಮಾಂಚಿಗಳು ಎಳೆ ಹುಡುಗಿಯಾಗಿದ್ದಾಗ ಒಯ್ದರು, 1860ರಲ್ಲಿ ಬಿಳಿಯರು ‘ಬಿಡಿಸಿ’ ತಂದರು. ಆ ಹೊತ್ತಿಗೆ ಅವಳಿಗೆ ಅಲ್ಲೇ ಗಂಡ, ಮಕ್ಕಳು. ಮರಳಿ ಹೋಗಬೇಕೆಂದು ಹಂಬಲಿಸುತ್ತಲೇ ತೀರಿಕೊಂಡಳು. ಮಗ ಕ್ವಾನಾ ಪಾರ್ಕರ್ ಮುಂದೆ ಕಮಾಂಚಿಗಳ ದೊಡ್ಡ ಮುಖಂಡನಾದ. ಬಿಡಿಸಿ ತರೋದು ಅಂದರೆ ಯಾರ ಕಣ್ಣಲ್ಲಿ ಅನ್ನೋ ಪ್ರಶ್ನೆಗೆ ಈ ಒಂದು ಹೆಸರು ಸಾಕು.

ಇನ್ನೊಂದು. ಟಿಕೆಟ್ ಇಡಬೇಡಿ, ಊರಿಗೆಲ್ಲ ಮೈಕ್ ಕಟ್ಟಿ ಸಾರಬೇಡಿ. ಕಾಲೇಜಿನ ಕಾರ್ಯಕ್ರಮವಾಗಿ ವಿದ್ಯಾರ್ಥಿಗಳು, ಸಿಬ್ಬಂದಿ, ಪೋಷಕರು ಇಷ್ಟೇ ಜನರಿದ್ದರೆ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ವಿನಾಯಿತಿ ಇದೆ. ಹೊರಗಿನವರನ್ನು ಕರೆದರೆ ಅದು ತಪ್ಪಿಹೋಗುತ್ತೆ.

ಶರಾವತಿ_ದಂಡೆ (ಸಾಗರ)

ಎಲ್ಲರಿಗೂ ಧನ್ಯವಾದ. ಡಿಸೆಂಬರಿಗೆ ಮುಂದೂಡಿದೆವು, ಕರಪತ್ರದ ವಾಕ್ಯ ಹೊಡೆದುಹಾಕಿದೆವು. ದೊಡ್ಡಪ್ಪ ಅಂತಲೇ ಹೋಗುತ್ತೇವೆ. ಇನ್ನೊಂದೇ ಪ್ರಶ್ನೆ: ನಮ್ಮ ಹುಡುಗರಿಗೆ ಇಂಟರ್‌ವಲ್ ಇಲ್ಲದೆ ಎರಡು ಗಂಟೆ ಕೂತು ಅಭ್ಯಾಸ ಇಲ್ಲ. ಎಲ್ಲಿ ನಿಲ್ಲಿಸಬಹುದು?

ಕತ್ತಲೆಕೋಣೆ

ಚಿತ್ರಕ್ಕೆ ಇಂಟರ್‌ವಲ್ ಇಲ್ಲ, ನಿಲ್ಲಿಸದಿದ್ದರೇ ಒಳ್ಳೆಯದು. ನಿಲ್ಲಿಸಲೇಬೇಕು ಅಂದರೆ ಮೊದಲ ಸಲ ಹಿಮ ಬಿದ್ದು ಜಾಡು ತಪ್ಪಿ, ಈಥನ್ ‘ಇವತ್ತಲ್ಲ ನಾಳೆ ಹುಡುಕೇ ಹುಡುಕ್ತೀವಿ’ ಅನ್ನೋ ಅರ್ಥದ ಮಾತಾಡಿ ಕುದುರೆ ತಿರುಗಿಸಿದ ಮೇಲೆ ನಿಲ್ಲಿಸಿ. ಕಥೆ ಅಲ್ಲಿ ತಾನೇ ಉಸಿರು ಬಿಡುತ್ತೆ, ಮುಂದೆ ನೆರೆಯ ಜಾರ್ಗೆನ್ಸನ್‌ರ ಮನೆಗೆ ವಾಪಸಾಗುತ್ತಾರೆ. ಆ ಮನೆಯ ಹುಡುಗಿ ಲೋರಿ, ಮಾರ್ಟಿನ್‌ ಬರೆದ ಕಾಗದ ಓದುವ ಭಾಗದ ಒಳಗೆ ಮಾತ್ರ ನಿಲ್ಲಿಸಬೇಡಿ. ಅದು ಕಾಗದದೊಳಗಿನ ಕಥೆ, ಚಹಾ ಕುಡಿದು ಬಂದವರಿಗೆ ಯಾರು ಯಾರಿಗೆ ಹೇಳ್ತಿದ್ದಾರೆ ಅಂತ ಗೊತ್ತಾಗೋದಿಲ್ಲ. ಏಳೇ ನಿಮಿಷ ಕೊಡಿ. ಪ್ರೊಜೆಕ್ಟರ್ ಆರಿಸಬೇಡಿ, ಚಿತ್ರ ಮರೆಮಾಡುವ ಗುಂಡಿ ಒತ್ತಿ ಬಿಡಿ.

ಟ್ಯೂಬ್‌ಲೈಟ್ ಸ್ವಿಚ್ಚಿನ ಹತ್ತಿರ ಚಿತ್ರ ಮೊದಲೇ ನೋಡಿದವರೊಬ್ಬರನ್ನು ಕೂರಿಸಿ. ಕೊನೆಯ ದೃಶ್ಯದಲ್ಲಿ ಎಲ್ಲರೂ ಒಬ್ಬೊಬ್ಬರಾಗಿ ಮನೆಯೊಳಗೆ ಹೋಗುತ್ತಾರೆ. ಮೋಸ್ ಮುದುಕ ತನಗೆ ಬೇಕಿದ್ದ ತೂಗುಕುರ್ಚಿ ಸಿಕ್ಕಿ ಜಗಲಿಯಲ್ಲಿ ಕೂತಿದ್ದಾನೆ. ಈಥನ್ ಬಾಗಿಲ ಚೌಕಟ್ಟಿನಲ್ಲಿ ಬಲ ಮೊಣಕೈಯನ್ನು ಎಡಗೈಯಲ್ಲಿ ಹಿಡಿದು ನಿಲ್ಲುತ್ತಾನೆ (ಹಳೆಯ ನಟ ಹ್ಯಾರಿ ಕ್ಯಾರಿಯ ಭಂಗಿ ಅದು, ಒಳಗೆ ಹೋದ ಶ್ರೀಮತಿ ಜಾರ್ಗೆನ್ಸನ್ ಪಾತ್ರದ ಆಲಿವ್ ಕ್ಯಾರಿ ಅವನ ಹೆಂಡತಿ). ಆಮೇಲೆ ತಿರುಗಿ ಬಯಲಿಗೆ ನಡೆಯುತ್ತಾನೆ. ‘ಮುಗೀತು’ ಅಂತ ಲೈಟ್ ಹಾಕೋದು ಸರಿಯಾಗಿ ಇಲ್ಲೇ. ಬಾಗಿಲು ಮುಚ್ಚಬೇಕು, ಪರದೆ ಪೂರ್ತಿ ಕಪ್ಪಾಗಬೇಕು, ಅಕ್ಷರ ಬರಬೇಕು. ಅಲ್ಲಿಯ ತನಕ ಸ್ವಿಚ್ಚಿಗೆ ಕೈ ಹಾಕದಿರಲಿ.